ತಲೆವಸ್ತ್ರದ ಮೇಲೆ ಹೂವಿನ ಕಿರೀಟ

ಲಾಟ್ವಿಯಾದ ರೀಗಾ ನಗರದಲ್ಲಿ ಜೂನ್ 23ರಂದು ಮಗ್ರಿಬ್ ಆಗುವುದು ರಾತ್ರಿ 10.20 ದಾಟಿದ ಮೇಲೆ. ಬೆಳಗ್ಗೆ 4.30ಕ್ಕೆ ಮತ್ತೆ ಸೂರ್ಯ ಹಾಜರು. ನಡುವೆ ಪೂರ್ತಿ ಕತ್ತಲೆ ಎಂಬುದೇ ಇಲ್ಲ. ಬಡಗಣ ಆಕಾಶ ಇಡೀ ರಾತ್ರಿ ಬಿಳಿಚಿಕೊಂಡೇ ಇರುತ್ತದೆ. ಇಶಾ ಎಷ್ಟು ಹೊತ್ತಿಗೆ, ಸುಬಹ್ ಎಷ್ಟು ಹೊತ್ತಿಗೆ ಎಂದು ಆಕಾಶ ನೋಡಿ ಹೇಳುವ ಹಾಗಿಲ್ಲ, ಲೆಕ್ಕ ಹಾಕಿದ ವೇಳಾಪಟ್ಟಿಯೇ ಗತಿ. ಉಪ್ಪಳದಲ್ಲಿರುವ ಉಮ್ಮನಿಗೆ ಇದನ್ನು ಹೇಳಿದರೆ, “ಹಾಗಾದರೆ ನೀವು ಮಲಗುವುದು ಯಾವಾಗ ಮೋಳೇ?” ಎಂದು ಕೇಳುತ್ತಾರೆ.

ಆ ಒಂದು ರಾತ್ರಿ ಮಾತ್ರ ಇಲ್ಲಿ ಯಾರೂ ಮಲಗುವುದಿಲ್ಲ. 23ರ ಸಂಜೆ ಲೀಗೋ, 24 ಯಾನಿ. ಎರಡೂ ದಿನ ಸರಕಾರಿ ರಜೆ. ರೀಗಾ ಖಾಲಿಯಾಗುತ್ತದೆ, ಎಲ್ಲರೂ ಹಳ್ಳಿಗೆ ಹೋಗುತ್ತಾರೆ. ಇಗರ್ಜಿಯವರು ಇದಕ್ಕೆ ಸಂತ ಯೋಹಾನನ ಹೆಸರು ಸೇರಿಸಿದ್ದಾರೆ, ಆದರೆ ಹಬ್ಬ ಕ್ರೈಸ್ತ ಧರ್ಮ ಬರುವುದಕ್ಕಿಂತ ಹಳೆಯದು. ಗುಡ್ಡದ ಮೇಲೆ ಬೆಂಕಿ ಹಾಕುತ್ತಾರೆ. ಅದರ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗಿನ ಹೊಲ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಅವರದು. ಸೂರ್ಯ ಹುಟ್ಟುವವರೆಗೆ ಆ ಬೆಂಕಿ ಆರಬಾರದು.

ನಮ್ಮ ಪಕ್ಕದ ಮನೆಯ ಅಜ್ಜಿ ಹೋದ ವರ್ಷ ನಮ್ಮನ್ನು ಅವರ ಹಳ್ಳಿಗೆ ಕರೆದಾಗ ಮನೆಯಲ್ಲಿ ಸಣ್ಣ ಜಗಳವೇ ಆಯಿತು. “ಬೆಂಕಿಯ ಸುತ್ತ ನಿಂತು ಹಾಡುವುದು, ಬಿಯರು ಕುಡಿಯುವುದು, ಅಲ್ಲಿ ನಮಗೇನು ಕೆಲಸ?” ಎಂದರು ನನ್ನವರು. ಮಾತಿನಲ್ಲಿ ಸುಳ್ಳಿಲ್ಲ. ಆದರೆ ನನಗೆ ಹೆರಿಗೆಯಾದಾಗ ನಲವತ್ತು ದಿನ ಸೂಪು ತಂದುಕೊಟ್ಟವರು ಅದೇ ಅಜ್ಜಿ. ಅವರ ವರ್ಷದ ದೊಡ್ಡ ಹಬ್ಬಕ್ಕೆ ಬರುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹೋಗುವುದು, ಉಣ್ಣುವುದು, ಬೆಂಕಿ ಹಾರುವುದಿಲ್ಲ, ಬಿಯರಿನ ಮೇಜಿಗೆ ಕೂರುವುದಿಲ್ಲ ಎಂದು ಮಾತಾಯಿತು. ಅಜ್ಜಿಗೆ ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿ, ಹಾಗಾದರೆ ಪೀರಾಗಿಯನ್ನೂ ಮುಟ್ಟಬೇಡ ಎಂದರು. ಅದು ಹಬ್ಬದ ಸಣ್ಣ ಬನ್ನು, ಒಳಗೆ ತುಂಬುವುದು ಹಂದಿಯ ಕೊಬ್ಬು. ನಮಗೆಂದು ಕೋಸು ತುಂಬಿಸಿ ಬೇರೆ ತಟ್ಟೆಯಲ್ಲಿ ಮಾಡಿಸಿದ್ದರು.

ಚೀಸ್ ಮಾತ್ರ ಹೊಟ್ಟೆ ತುಂಬ ತಿಂದೆವು. ಇಲ್ಲಿ ಚೀಸ್ ಕೊಳ್ಳುವಾಗ ರೆನೆಟ್ ಯಾವುದು ಎಂದು ನೋಡುವುದೇ ನಮಗೆ ದೊಡ್ಡ ಕೆಲಸ. ಅಜ್ಜಿಯ ಮನೆಯ ಯಾನಿ ಚೀಸಿನಲ್ಲಿ ಆ ತಲೆನೋವಿಲ್ಲ. ಹುಳಿ ಹಾಲಿನ ಗಿಣ್ಣನ್ನು ಬಿಸಿ ಹಾಲಿಗೆ ಹಾಕಿ, ನೀರು ಬಿಟ್ಟ ಮೇಲೆ ಸೋಸಿ, ಬೆಣ್ಣೆ, ಮೊಟ್ಟೆ, ಉಪ್ಪು ಮತ್ತು ಜೀರಿಗೆಯ ಹಾಗೇ ಕಾಣುವ ಒಂದು ಕಾಳು ಹಾಕಿ ತಿರುವುತ್ತಾರೆ. ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲೆ ಭಾರ ಇಡುತ್ತಾರೆ. ಬಿಡಿಸಿದಾಗ ಹಳದಿ ಸೂರ್ಯನ ಹಾಗೆ ಗುಂಡಗೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದು, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇನ್ನು ಉಡುಪಿನ ವಿಷಯ. ಆ ರಾತ್ರಿ ಎಲ್ಲರ ತಲೆಯ ಮೇಲೂ ಒಂದು ವೈನಗ್ಸ್. ಗಂಡಸರಿಗೆ ಓಕ್ ಎಲೆಯದು, ಕಿವಿ ಮುಚ್ಚುವಷ್ಟು ದಪ್ಪ. ಹೆಂಗಸರಿಗೆ ಹೊಲದ ಹೂವಿನದು: ಡೈಸಿ, ಕೆಂಪು ಕ್ಲೋವರ್, ನೀಲಿ ಕಾರ್ನ್‌ಫ್ಲವರ್. ಮೂರೊಂಬತ್ತು, ಅಂದರೆ 27 ಬಗೆಯ ಹೂ ಸೊಪ್ಪು ಇರಬೇಕೆಂದು ಹಳಬರು ಹೇಳುತ್ತಾರೆ. ನಮ್ಮ ಮಗಳು ಹದಿನಾಲ್ಕಕ್ಕೆ ಸುಸ್ತಾದಳು. ನನಗೂ ಒಂದು ಹೆಣೆದು ಕೊಟ್ಟರು. ತಲೆವಸ್ತ್ರದ ಮೇಲೆಯೇ ಇಟ್ಟುಕೊಂಡೆ, ಚೆನ್ನಾಗಿ ಕೂತಿತು. ನನ್ನವರು ಓಕ್ ಎಲೆಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಯಾರೂ ನೋಡದಾಗ ಟೊಪ್ಪಿಯ ಮೇಲೆ ಇಟ್ಟರು.

ಅಜ್ಜಿ ಉಟ್ಟಿದ್ದು ಅವರ ನಾಡುಡುಗೆ. ಬಿಳಿ ನಾರಿನ ಅಂಗಿ, ಉಣ್ಣೆಯ ಲಂಗ, ಹೆಗಲ ಮೇಲೆ ವಿಲ್ಲೈನೆ ಎಂಬ ಶಾಲು, ಅದಕ್ಕೆ ಅಂಗೈಯಗಲದ ಬೆಳ್ಳಿಯ ಪಿನ್ನು. ಲಂಗದ ಬಣ್ಣ ನೋಡಿ ಯಾವ ಸೀಮೆಯವರೆಂದು ಹೇಳುತ್ತಾರಂತೆ. ನೀತ್ಸಾ ಕಡೆಯದಾದರೆ ಕಡುಗೆಂಪು. ಅಜ್ಜಿಯ ತಲೆಯ ಮೇಲೆ ಹೂವಿನ ಕೆಳಗೆ ಬಿಳಿ ಬಟ್ಟೆಯಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ವಿವರಿಸಿದರು. ನಾಡುಡುಗೆಯಲ್ಲಿ ಮದುವೆಯಾಗದ ಹುಡುಗಿಗೆ ಮಣಿಯ ಕಿರೀಟ, ಮದುವೆಯಾದವಳಿಗೆ ತಲೆವಸ್ತ್ರ. ಮದುವೆಯ ರಾತ್ರಿ ಹನ್ನೆರಡಕ್ಕೆ ಮದುಮಗಳ ಕಿರೀಟ ತೆಗೆದು ವಸ್ತ್ರ ಕಟ್ಟುವ ಶಾಸ್ತ್ರವನ್ನು ಈಗಲೂ ಮಾಡುತ್ತಾರೆ. ಪೇಟೆಯ ಬಸ್ಸಿನಲ್ಲಿ ನನ್ನ ತಲೆಯನ್ನು ದಿಟ್ಟಿಸುವವರಲ್ಲಿ ಎಷ್ಟು ಜನರಿಗೆ ತಮ್ಮ ಮುತ್ತಜ್ಜಿಯ ತಲೆ ನೆನಪಿದೆಯೋ!

ಸೋವಿಯತ್ ಆಳ್ವಿಕೆಯಲ್ಲಿ, 1960ರ ಸುಮಾರಿಗೆ, ಈ ಹಬ್ಬದ ರಜೆಯನ್ನೇ ತೆಗೆದುಹಾಕಿದ್ದರು. ಜನ ಮನೆಯ ಹಿತ್ತಲಲ್ಲಿ ಆಚರಿಸಿದರು. ಹಾಡುಗಳು ಉಳಿದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕ್ರಿಶ್ಯಾನಿಸ್ ಬಾರೋನ್ಸ್ ಎಂಬವರು ಜನಪದ ಹಾಡುಗಳನ್ನು ಚೀಟಿಗಳಲ್ಲಿ ಬರೆದು ಒಂದು ಬೀರುವಿನಲ್ಲಿ ಜೋಡಿಸಿಟ್ಟರು. 1894ರಿಂದ 1915ರ ನಡುವೆ ಅಚ್ಚಾದವೇ ಎರಡು ಲಕ್ಷಕ್ಕೂ ಹೆಚ್ಚು. ನಮ್ಮ ಬ್ಯಾರಿ ಸಾಹಿತ್ಯ ಅಕಾಡೆಮಿ ಹುಟ್ಟಿದ್ದು 2007ರಲ್ಲಿ. ಅಷ್ಟರಲ್ಲಿ ಮದುವೆಮನೆಯಲ್ಲಿ ಹಾಡುತ್ತಿದ್ದ ಎಷ್ಟು ಹೆಂಗಸರು ಹೋಗಿಬಿಟ್ಟಿದ್ದರು.

ಬೆಂಕಿ ಹಾರುವ ಹೊತ್ತಿಗೆ ಮಗಳು ಹಟ ಹಿಡಿದಳು, ಅತ್ತಳು. ಎಲ್ಲ ಮಕ್ಕಳೂ ಹಾರುತ್ತಿದ್ದಾರೆ, ನಾನು ಯಾಕಿಲ್ಲ? ಏಳು ವರ್ಷದವಳಿಗೆ ಏನು ಹೇಳುವುದು. ಇದು ಅವರದು, ನಾವು ವಿರುಂದಿಗೆ ಬಂದವರು ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಅಜ್ಜಿಯೇ ಕೈ ಹಿಡಿದು ಜರಿಗಿಡದ ಹೂ ಹುಡುಕಲು ಕಾಡಿನಂಚಿಗೆ ಕರೆದುಕೊಂಡು ಹೋದರು. (ಜರಿಗಿಡ ಹೂ ಬಿಡುವುದಿಲ್ಲ. ಆ ನೆಪದಲ್ಲಿ ಕಾಡಿಗೆ ಹೋಗುವ ಹರೆಯದವರ ಬಗ್ಗೆ ಇಲ್ಲಿ ಬೇಕಾದಷ್ಟು ಚೇಷ್ಟೆಯ ಮಾತಿದೆ.) ವಾಪಸು ಬಂದಾಗ ಮಗಳು ಅಜ್ಜಿಯ ಬೆಳ್ಳಿ ಪಿನ್ನು ಮುಟ್ಟುತ್ತಾ, “ನಮ್ಮ ಹಬ್ಬಕ್ಕೆ ಇಂಥ ಬಟ್ಟೆ ಯಾವುದು?” ಎಂದು ಕೇಳಿದಳು. ಅಜ್ಜಿಯೂ ನನ್ನ ಮುಖ ನೋಡಿದರು.

ತುಣಿ, ಕುಪ್ಪಾಯ, ಎಲಸಾರ ಎಂದು ಹೆಸರು ಹೇಳಿದೆ. ಹೊರಗೆ ಹೋಗುವಾಗ ಮೈಮುಚ್ಚುತ್ತಿದ್ದ ಕಸೂತಿಯ ವಲ್ಲಿಯ ಬಗ್ಗೆಯೂ ಹೇಳಿದೆ. ತೋರಿಸಲು ಫೋನಿನಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಉಮ್ಮನ ಉಮ್ಮ ಕೊನೆಯವರೆಗೂ ಕುಪ್ಪಾಯವನ್ನೇ ತೊಟ್ಟವರು. ಉಮ್ಮನ ಕಾಲಕ್ಕೆ ಸೀರೆ, ನಮ್ಮ ಕಾಲಕ್ಕೆ ಗಲ್ಫಿನ ಕಪ್ಪು ಬುರ್ಖಾ. ಬುರ್ಖಾದ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಹಾಕುತ್ತೇನೆ. ಆದರೆ ಅದು ಬಂದಾಗ ಕುಪ್ಪಾಯವನ್ನು ನೆಲ ಒರೆಸುವ ಬಟ್ಟೆ ಮಾಡಬೇಕೆಂದು ಯಾವ ಕಿತಾಬಿನಲ್ಲಿತ್ತು?

ಮರುದಿನ ಉಮ್ಮನಿಗೆ ಫೋನು ಮಾಡಿದೆ. ಹಳೆ ತಗಡಿನ ಪೆಟ್ಟಿಗೆಯಲ್ಲಿ ಒಂದು ಇರಬಹುದು, ತೋಳಿಗೆ ಇಲಿ ಬಾಯಿ ಹಾಕಿದೆ ಎಂದರು. ಅದರ ಅಳತೆಗೆ ಹೊಸತು ಹೊಲಿಸಲು ಮೂರು ಜನ ದರ್ಜಿಗಳಲ್ಲಿ ಕೇಳಿದರಂತೆ. ಇಬ್ಬರು ನಕ್ಕರು. ಮೂರನೆಯವರು ಮಂಜೇಶ್ವರದಲ್ಲಿ ವಯಸ್ಸಾದ ಒಬ್ಬರು, ಕತ್ತಿನ ಪಟ್ಟಿ ಹೊಲಿಯುವುದು ಕೈಗೆ ಗೊತ್ತಿದೆ, ಬಟ್ಟೆ ತನ್ನಿ ಎಂದಿದ್ದಾರೆ. ಮಗಳ ಅಳತೆ ಕಳಿಸಿದ್ದೇನೆ. ಈದಿನವರೆಗೆ ಬೆಳೆಯುತ್ತಾಳಲ್ಲ, ಎರಡಿಂಚು ಮಡಚಿ ಹೊಲಿಯಲು ಹೇಳಿ ಎಂದೂ ಬರೆದಿದ್ದೇನೆ.