ಎಷ್ಟು ಸಾಮಾಜಿಕ ಜಾಲತಾಣಗಳಲ್ಲಿ ಇರಬೇಕು?

ಮಲೆನಾಡಿನ ಕೊಟ್ಟಿಗೆಹಾರದಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಹಿಂದೆಯೇ ಸಿಗ್ನಲ್ಲೂ. ಸಿಕ್ಕ ಒಂದೆರಡು ಕಡ್ಡಿ ನೆಟ್‌ವರ್ಕಿನಲ್ಲಿ ಜನ ಮೊದಲು ತೆರೆಯುವುದು ವಾಟ್ಸಾಪ್. ಚಾರ್ಮಾಡಿ ಘಾಟಿ ತೆರೆದಿದೆಯೇ, ಮರ ಎಲ್ಲಿ ಬಿದ್ದಿದೆ, ಯಾವ ತೋಟದಲ್ಲಿ ಎಷ್ಟು ಇಂಚು ಮಳೆ, ಕಾಫಿ ರೇಟು ಎಷ್ಟು? 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಘಾಟಿ ಬಂದಾದಾಗ ಇಂಥ ಸುದ್ದಿಯೇ ಪ್ರಯಾಣ ನಿರ್ಧರಿಸುತ್ತಿತ್ತು.

ಒಂದು ವಾಟ್ಸಾಪ್ ಇಷ್ಟು ಕೆಲಸಕ್ಕೆ ಬರುವಾಗ, ಎಲ್ಲ ತಾಣಗಳಲ್ಲೂ ಖಾತೆ ಬೇಕೆಂಬ ಧಾವಂತಕ್ಕೆ ಅರ್ಥವಿಲ್ಲ.

ತಾಣಗಳು ಶಾಶ್ವತವೂ ಅಲ್ಲ. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಟಿಕ್‌ಟಾಕ್‌ಗೆ 2020ರ ಜೂನ್‌ನಲ್ಲಿ ಭಾರತದಲ್ಲಿ ನಿಷೇಧ ಬಿತ್ತು. ಕನ್ನಡದಲ್ಲೇ ಬರೆಯಲು ಜಾಗ ಕೊಟ್ಟಿದ್ದ ಬೆಂಗಳೂರಿನ ‘ಕೂ’ ಆ್ಯಪ್ ಕೂಡ 2024ರ ಜುಲೈನಲ್ಲಿ ನಿಂತಿತು. ಪ್ರತಿ ಸಲವೂ ಬಳಕೆದಾರರು ವರ್ಷಗಟ್ಟಲೆ ಕಟ್ಟಿಕೊಂಡ ಬಳಗ ಚದುರಿತು.

ಹಾಗಾಗಿ ಕೆಲಸ ನೋಡಿ ಆರಿಸುವುದೇ ಸರಿ. ಹೋಂಸ್ಟೇ ನಡೆಸುವವರಿಗೆ ಇನ್‌ಸ್ಟಾಗ್ರಾಂ ಬೇಕು, ಅತಿಥಿಗಳು ಫೋಟೊ ನೋಡಿಯೇ ಬರುತ್ತಾರೆ. ಬೆಳೆಗಾರರಿಗೆ ವಾಟ್ಸಾಪ್ ಗುಂಪೊಂದೇ ಸಾಕಾದೀತು. ಉದ್ದವಾಗಿ ಬರೆದು ಚರ್ಚಿಸುವವರಿಗೆ ಫೇಸ್‌ಬುಕ್ ಈಗಲೂ ಒದಗುತ್ತದೆ. ದಿನವೂ ಉತ್ತರ ಕೊಡಲು ಬಿಡುವಿಲ್ಲದ ತಾಣದ ಖಾತೆಯನ್ನು ಮುಚ್ಚುವುದು ಒಳ್ಳೆಯದು. ಮುಚ್ಚುವ ಮೊದಲು ಅಲ್ಲಿನ ಫೋಟೊ, ಬರಹಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು.