ಗಾಳಿಯನ್ನು ಕೇಳುವ ಪೆಟ್ಟಿಗೆ

ನಮ್ಮ ತಾರ್ಕಿಕರು ಗಾಳಿಯನ್ನು ಸ್ಪರ್ಶದಿಂದ ಗುರುತಿಸಿದರೇ ಹೊರತು ರೂಪದಿಂದಲ್ಲ. ಮೂವತ್ತು ವರ್ಷ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದ ನಮಗೆ ಈ ಲಕ್ಷಣವು ಕಂಠಸ್ಥವಾಗಿತ್ತು; ಆದರೆ ಗಾಳಿಗೆ ರೂಪವನ್ನು ತೊಡಿಸಿ ನೋಡುವ ಉದ್ಯೋಗವು ಅರುವತ್ತರ ವಯಸ್ಸಿನಲ್ಲಿ ಬಂದೀತೆಂದು ಎಣಿಸಿರಲಿಲ್ಲ. ಏಳನೆಯ ತರಗತಿಯ ಮೊಮ್ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಗಾಳಿಸುರಂಗವೊಂದನ್ನು ಕಟ್ಟಬೇಕೆಂದು ಹಟ ಹಿಡಿದಳು. ಸಿದ್ಧವಾದ ಮಾದರಿಯ ಬೆಲೆಯನ್ನು ಕೇಳಿದ ಮೇಲೆ, ಮನೆಯಲ್ಲಿಯೇ ಕಟ್ಟುವುದೆಂದು ನಿಶ್ಚಯವಾಯಿತು.

ನಿಂತ ಗಾಳಿಯಲ್ಲಿ ವಿಮಾನವು ಓಡಿದರೂ, ನಿಂತ ವಿಮಾನದ ಮೇಲೆ ಗಾಳಿಯು ಓಡಿದರೂ ರೆಕ್ಕೆಗೆ ಎರಡೂ ಒಂದೇ. ಸುರಂಗದ ತತ್ತ್ವವು ಇಷ್ಟೇ. ಇಂಗ್ಲೆಂಡಿನ ಫ್ರಾನ್ಸಿಸ್ ವೆನ್ಹ್ಯಾಮನು 1871ರಲ್ಲಿ ಇಂತಹದನ್ನು ಮೊದಲು ಕಟ್ಟಿಸಿದನು. ಆದರೆ ನಮ್ಮ ಮನಸ್ಸನ್ನು ಸೆಳೆದುದು ಅಮೆರಿಕೆಯ ಡೇಟನ್ ಪಟ್ಟಣದ ರೈಟ್ ಸೋದರರ ಪೆಟ್ಟಿಗೆ. ಅವರ ಗ್ಲೈಡರು ಲೆಕ್ಕವು ಹೇಳಿದಷ್ಟು ಭಾರವನ್ನು ಎತ್ತಲಿಲ್ಲ. ಲೆಕ್ಕವು ಹಿರಿಯರದು, ಬೈಸಿಕಲ್ ಅಂಗಡಿಯವರು ಅದನ್ನು ಸಂಶಯಿಸಬಹುದೆ? ಅವರು ಸಂಶಯಿಸಿದರು. 1901ರಲ್ಲಿ 6 ಅಡಿ ಉದ್ದದ ಮರದ ಪೆಟ್ಟಿಗೆಯನ್ನು ಮಾಡಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಅದರಲ್ಲಿ ತೂಗಿ ನೋಡಿದರು. ನೂರು ವರ್ಷಕ್ಕೂ ಮಿಗಿಲಾಗಿ ಪ್ರಮಾಣವೆಂದು ನಡೆದುಬಂದಿದ್ದ ಸ್ಮೀಟನನ ಸಂಖ್ಯೆಯೊಂದು ವಾಸ್ತವಕ್ಕಿಂತ ಬಹಳ ಹೆಚ್ಚೆಂದು ಅವರ ಅಳತೆಗಳಿಂದ ಗೊತ್ತಾಯಿತು.

ನಮ್ಮ ಸುರಂಗವು ರಟ್ಟಿನದು. ಫ್ಯಾನನ್ನು ಹಿಂದುಗಡೆಯಿಟ್ಟು ಗಾಳಿಯನ್ನು ಹೀರುವಂತೆ ಮಾಡಬೇಕು. ಮುಂದಿಟ್ಟು ಊದಿಸಿದರೆ ಗಾಳಿಯು ಸುಳಿಸುಳಿಯಾಗಿ ನುಗ್ಗುವುದು. ಮುಂದಿನ ಬಾಯಿ ಅಗಲವಾಗಿದ್ದು ನಡುವೆ ಕಿರಿದಾದರೆ, ಹೊಳೆಯು ಇಕ್ಕಟ್ಟಿನಲ್ಲಿ ಹರಿಯುವಂತೆ, ಗಾಳಿಯ ವೇಗವು ಹೆಚ್ಚುವುದು. ಬಾಯಿಗೆ ನೂರಾರು ಕಾಗದದ ಸ್ಟ್ರಾಗಳನ್ನು ಜೇನುಗೂಡಿನಂತೆ ಅಡಕಿದೆವು. ಈ ಕೆಲಸಕ್ಕೆ ಎರಡು ಭಾನುವಾರಗಳು ಹಿಡಿದುವು. ಅಂಟು ನಮ್ಮ ಪಂಚೆಗೂ ಬಳಿಯಿತು. ನಡುವೆ ಪಾರದರ್ಶಕ ಹಾಳೆಯ ಕಿಟಕಿ, ಒಳಗೆ ರೆಕ್ಕೆ. ರೆಕ್ಕೆಯ ತಂತಿಯು ತಳದ ರಂಧ್ರದಿಂದಿಳಿದು ಅಡುಗೆಮನೆಯ ತಕ್ಕಡಿಯ ಮೇಲೆ ನಿಂತಿತು.

ಊದುಬತ್ತಿಯ ಹೊಗೆಯನ್ನು ಬಿಟ್ಟಾಗ ಎಳೆಯೊಂದು ನೇರವಾಗಿ ಬಂದು, ರೆಕ್ಕೆಯ ಬೆನ್ನನ್ನು ತಬ್ಬಿಕೊಂಡು, ಹಿಂದೆ ಕೆಳಮುಖವಾಗಿ ಇಳಿಯಿತು. ದೇವರ ಮುಂದೆ ದಿನವೂ ನೋಡುವ ಹೊಗೆಯೇ; ನಾವಿಬ್ಬರೂ ಮಾತನಾಡದೆ ನೋಡಿದೆವು.

ತೊಡಕು ಹುಟ್ಟಿದುದು ಅನಂತರ. ರೆಕ್ಕೆಯ ಮೇಲ್ಭಾಗವು ಉಬ್ಬಿರುವುದರಿಂದ ಅಲ್ಲಿನ ಗಾಳಿಯು ಹೆಚ್ಚು ದೂರ ನಡೆದು ಕೆಳಗಿನ ಗಾಳಿಯೊಡನೆ ಒಂದೇ ಕಾಲಕ್ಕೆ ಹಿಂತುದಿಯನ್ನು ಸೇರಬೇಕು, ಆದುದರಿಂದಲೇ ವಿಮಾನವು ಏಳುವುದು ಎಂದು ಅವಳ ಪುಸ್ತಕವು ಹೇಳುತ್ತಿತ್ತು. ಹೀಗೆ ಹೇಳುವ ಪುಸ್ತಕಗಳು ಅನೇಕ. ಅವಳು ಉಬ್ಬಿಲ್ಲದ ಚಪ್ಪಟೆ ರಟ್ಟನ್ನು ಸ್ವಲ್ಪ ಓರೆಯಾಗಿಟ್ಟಳು. ತಕ್ಕಡಿಯು 5 ಗ್ರಾಂ ಇಳಿಯಿತು! ಬಾಗಿದ ರೆಕ್ಕೆಗೆ 8 ಗ್ರಾಂ. ಬಾಗಿದುದೇ ಮೇಲೆಂಬುದು ದಿಟ. ಆದರೆ ಚಪ್ಪಟೆಯದೂ ಎದ್ದಿತಲ್ಲ! ಗಾಳಿಯನ್ನು ಕೆಳಕ್ಕೆ ತಿರುಗಿಸಿದ ರೆಕ್ಕೆಯು ತಾನು ಮೇಲಕ್ಕೆ ತಳ್ಳಲ್ಪಡುವುದು. ಮೇಲಿನ ಗಾಳಿಯು ವೇಗವಾಗಿ ಹೋಗುವುದೂ ನಿಜವೇ; ಆದರೆ ಅದು ಕೆಳಗಿನದಕ್ಕೆ ಕಾಯದೆ ಮೊದಲೇ ಹೊರಟುಹೋಗುವುದು.

ಅವಳು ಈ ಅಂಕಿಗಳನ್ನು ಫಲಕದ ಮೇಲೆ ಬರೆದಳು. ಪುಸ್ತಕಕ್ಕೆ ವಿರುದ್ಧವಾದ ಸಾಲನ್ನು ಅಳಿಸದಿದ್ದರೆ ಅಂಕ ದೊರೆಯದೆಂದು ಅವಳ ಉಪಾಧ್ಯಾಯರು ಹೇಳಿದರಂತೆ. "ತಾತ, ಅಳಿಸಿಬಿಡಲೆ?" ಎಂದು ಕೇಳಿದಳು. ಉಪಾಧ್ಯಾಯರ ಮಾತನ್ನು ಮೀರೆಂದು ಮಗುವಿಗೆ ಹೇಳುವುದು ನಮ್ಮಂತಹ ಹಳೆಯ ಮೇಷ್ಟರಿಗೆ ಸುಲಭವಲ್ಲ. ಕಂಡುದನ್ನು ಅಳಿಸೆಂದು ಹೇಳಲು ನಾಲಗೆಯೂ ಏಳಲಿಲ್ಲ. "ಪುಸ್ತಕದ ಮಾತನ್ನೂ ಬರೆ, ತಕ್ಕಡಿಯ ಮಾತನ್ನೂ ಬರೆ. ಅವರು ಬಂದಾಗ ಫ್ಯಾನು ಹಾಕಿ ತೋರಿಸು, ಮಗು" ಎಂದೆವು.

ಪ್ರದರ್ಶನದ ದಿನ ಆ ಉಪಾಧ್ಯಾಯರು ರಟ್ಟನ್ನು ತಾವೇ ಓರೆಯಾಗಿಟ್ಟು ನೋಡಿದರು. ಮತ್ತೊಮ್ಮೆ ಅದರ ಮುಂದಂಚನ್ನು ಕೆಳಗೆ ಮಾಡಿ ನೋಡಿದರು. ಈ ಸಲ ತಕ್ಕಡಿಯ ಅಂಕಿಯು ಏರಿತು. ಏನನ್ನೂ ಹೇಳದೆ ಮುಂದಿನ ಮೇಜಿಗೆ ನಡೆದರು. ಸಾಲು ಹಾಗೆಯೇ ಉಳಿಯಿತು. ಬಹುಮಾನವು ನೀರನ್ನು ಶೋಧಿಸುವ ಯಂತ್ರಕ್ಕೆ ಹೋಯಿತು. ಪೆಟ್ಟಿಗೆಯು ಈಗ ನಮ್ಮ ಅಟ್ಟದ ಮೇಲಿದೆ. ಫ್ಯಾನನ್ನು ಮಾತ್ರ ಮನೆಯವರು ಬೇಸಗೆಗೆಂದು ಕಳಚಿಕೊಂಡಿರುವರು.