ಕಿಬ್ಬನಹಳ್ಳಿಯ ಕಲ್ಲು

ಮೊನ್ನೆ ಕೆ.ಬಿ. ಕ್ರಾಸಿನಲ್ಲಿ ತಿಪಟೂರು ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಸಿಕ್ಕಿದರು. ತೆಂಗಿನ ತೋಟದವರು. ಮಗಳು ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಳೆ. ಬೇರೆ ವಿಭಾಗದ ಒಂದು ವಿಷಯವನ್ನೂ ಆರಿಸಿಕೊಳ್ಳಬೇಕಂತೆ. ಪುರಾತತ್ವವೇ ಬೇಕೆಂದು ಹಟ ಹಿಡಿದಿದ್ದಾಳಂತೆ.

"ನೀವಾದರೂ ಬುದ್ಧಿ ಹೇಳಿ ಮೇಷ್ಟ್ರೇ. ಕಂಪ್ಯೂಟರ್ ತಗೊಂಡ್ರೆ ನಾಳೆ ಅನ್ನಕ್ಕೆ ದಾರಿ. ಹಾಳು ಗುಡಿ, ಹಳೇ ಕಲ್ಲು ಓದಿ ಏನು ಮಾಡ್ತಾಳೆ?"

ತಕ್ಷಣ ಉತ್ತರಿಸಲಾಗಲಿಲ್ಲ. ನನಗೆ ಬೇರೊಂದು ಕಲ್ಲು ನೆನಪಾಗಿತ್ತು. ನೌಕರಿಗೆ ಸೇರಿದ ಹೊಸದರಲ್ಲಿ ಕಿಬ್ಬನಹಳ್ಳಿ ಕಡೆಯ ಹುಡುಗನೊಬ್ಬ ಅದನ್ನು ತರಗತಿಗೆ ತಂದಿದ್ದ. ಅಂಗೈಯಗಲ, ಒಂದು ತುದಿ ಚೂಪು, ಎರಡೂ ಅಂಚಿನಲ್ಲಿ ಚಕ್ಕೆ ಎದ್ದಂತಿತ್ತು. "ಇದು ಯಾಕೆ ಹಿಂಗಿದೆ ಸಾರ್?" ಎಂದ. ನಾನು ಓಮನ ನಿಯಮದ ಪಾಠದಲ್ಲಿದ್ದೆ. "ಆಚೆ ಎಸೆದು ಬಾ" ಎಂದು ಗದರಿಸಿದೆ. ಎಸೆದು ಬಂದ. ಆಮೇಲೆ ಅವನು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಕಿಬ್ಬನಹಳ್ಳಿ ಹಳೆ ಶಿಲಾಯುಗದ ನೆಲೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೈಸೂರಿನ ಪುರಾತತ್ವ ವಿದ್ವಾಂಸ ಎಂ. ಶೇಷಾದ್ರಿಯವರು ಅಲ್ಲಿನ ಕಲ್ಲಿನ ಉಪಕರಣಗಳ ಮೇಲೆ 1955ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಹುಡುಗ ತಂದದ್ದು ಆದಿಮಾನವನ ಕೈಕೊಡಲಿಯೋ, ಬರಿಯ ಕಲ್ಲೋ, ಈಗ ಹೇಳಲಾರೆ. ನನ್ನ ಬಿ.ಎಸ್ಸಿ., ಬಿ.ಇಡಿ.ಯಲ್ಲಿ ಅದನ್ನು ಗುರುತಿಸುವ ಕಣ್ಣು ಸಿಕ್ಕಿರಲಿಲ್ಲ.

ಪುರಾತತ್ವವೆಂದರೆ ಗುಡಿ, ಶಾಸನ ಎಂದೇ ನಾನೂ ತಿಳಿದಿದ್ದೆ. ಅರಳಗುಪ್ಪೆಯ ಕಲ್ಲೇಶ್ವರ, ತುರುವೇಕೆರೆಯ ಮೂಲೆ ಶಂಕರೇಶ್ವರ ಅದಕ್ಕೆ ಸೇರಿದ್ದು ನಿಜ. ಆದರೆ ಆ ವಿದ್ಯೆಯಲ್ಲಿ ವಿಜ್ಞಾನಕ್ಕೂ ದೊಡ್ಡ ಪಾಲಿದೆ. ಹಳೆಯ ಒಲೆಯ ಇದ್ದಿಲಿನ ವಯಸ್ಸನ್ನು ಕಾರ್ಬನ್-14 ಹೇಳುತ್ತದೆ. ಸುಮಾರು 5,730 ವರ್ಷಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಸುಮಾರು 50,000 ವರ್ಷದಾಚೆಗೆ ಅಳೆಯುವಷ್ಟು ಉಳಿಯುವುದಿಲ್ಲ. ಅದಕ್ಕೂ ಹಳೆಯ ನೆಲೆಯಾದರೆ ಮಣ್ಣಿನ ಪದರಗಳನ್ನು ಓದಬೇಕು, ಹೂತ ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಪ್ರಯೋಗಾಲಯದಲ್ಲಿ ಅಳೆಯಬೇಕು. ಭೂವಿಜ್ಞಾನ, ಭೌತವಿಜ್ಞಾನ ಓದಿದವರಿಲ್ಲದೆ ಇದು ಆಗದು. ಕಲ್ಲು ಯಾವ ಪದರದಲ್ಲಿ ಸಿಕ್ಕಿತೆಂಬುದು ಕಲ್ಲಿನಷ್ಟೇ ಮುಖ್ಯ. ಕಿತ್ತು ತಂದರೆ ಅರ್ಧ ಕಥೆ ಹೋಯಿತು.

ಇಷ್ಟನ್ನೂ ಅವರಿಗೆ ಹೇಳಿದೆ. "ಇದರಿಂದಲೇ ನೌಕರಿ ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಪುರಾತತ್ವದ ಹುದ್ದೆಗಳು ಕಡಿಮೆ. ಅನ್ನಕ್ಕೆ ಭೂವಿಜ್ಞಾನವಿದೆ, ಇದು ಅದರ ಜೊತೆಗೆ. ಅಟ್ಟದ ಕಾಯಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುತ್ತೀರಿ, ಮಗಳಿಗೆ ಒಂದು ಸೆಮಿಸ್ಟರ್ ಬಿಡಬಾರದೆ?"

ಅವರು ನಕ್ಕರು, ಒಪ್ಪಿದಂತೆ ಕಾಣಲಿಲ್ಲ. ಬಸ್ಸು ಬರುವಷ್ಟರಲ್ಲಿ ಕೇಳಿದೆ: "ಹೋದ ವರ್ಷ ಹೊಸ ತೋಟಕ್ಕೆ ಜೆಸಿಬಿಯಲ್ಲಿ ನೆಲ ಮಟ್ಟ ಮಾಡಿಸಿದಿರಲ್ಲ, ಎಂಥ ಕಲ್ಲು ಬಂತು?"

"ಯಾರು ನೋಡಿದ್ರು ಮೇಷ್ಟ್ರೇ? ಎಲ್ಲಾ ಬದುವಿಗೆ ಹಾಕಿಸ್ದೆ."

"ರಜಕ್ಕೆ ಬಂದಾಗ ಮಗಳನ್ನು ಆ ಬದುವಿನ ಹತ್ತಿರ ಕರೆದುಕೊಂಡು ಹೋಗಿ" ಎಂದೆ. "ಹೂಂ" ಎಂದರು. ಆ ಹುಡುಗನಿಗೆ ಅಂದು ನಾನು ಹೇಳಬೇಕಾಗಿದ್ದೂ ಅಷ್ಟೇ: ನಡಿ, ಎಲ್ಲಿ ಸಿಕ್ಕಿತು ತೋರಿಸು.